ಮಗಳಿದ್ದಂಗೆ

ಅಂಕಮ್ಮ ತನ್ನ ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದಳು. ಹತ್ತಿದ್ದು ಹೆಣದ ಜೊತೆ.

ಮರಳವಾಡಿಯಿಂದ ಆಚೆ, ಕಲ್ಲು ಕ್ವಾರಿಗಳ ಮಗ್ಗುಲಲ್ಲಿ ಕರಿಬಂಡೆದೊಡ್ಡಿ ಅಂತ ಒಂದು ಊರು. ಆ ಊರಿನ ಹೊಲಗೇರಿಯವಳು ಅಂಕಮ್ಮ. ಕನಕಪುರಕ್ಕೆ ಬಸ್ಸು ಹತ್ತುವುದೇ ಆ ಕೇರಿಗೆ ದೂರದ ಪಯಣ. ಅಂಥವಳು ನೇಪಾಳದಿಂದ ಬೆಂಗಳೂರಿಗೆ, ನಾಲ್ಕೈದು ಜನ ಕೂರುವಷ್ಟು ಪುಟ್ಟ ವಿಮಾನದಲ್ಲಿ, ಗೌಡರ ಮನೆಯ ಮುದುಕಿಯ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಅದೃಷ್ಟವಂತೆ ಅಂತೀರಾ? ತಡೀರಿ. ಪೂರ್ತಿ ಕೇಳಿ, ಆಮೇಲೆ ಹೇಳಿ.

ಪೆಟ್ಟಿಗೆಯಲ್ಲಿದ್ದವಳು ಚಿಕ್ಕಲಕ್ಷ್ಮಮ್ಮ. ಕ್ವಾರಿ ಮಾಲೀಕ ಚಲುವೇಗೌಡನ ತಾಯಿ. ಸೊಂಟ ಬಿದ್ದು ಹನ್ನೊಂದು ವರ್ಷವಾಗಿತ್ತು. ಆ ಹನ್ನೊಂದು ವರ್ಷವೂ ಅವಳನ್ನು ಎತ್ತಿದವಳು, ಇಳಿಸಿದವಳು, ಉಚ್ಚೆ ಹೇಲು ಬಳಿದವಳು, ಬೆನ್ನಿನ ಹುಣ್ಣಿಗೆ ಎಣ್ಣೆ ಸವರಿದವಳು ಅಂಕಮ್ಮ. ಅವಳ ದಾರಿ ಒಂದೇ. ಹಿತ್ತಲ ಬಾಗಿಲು, ಅಲ್ಲಿಂದ ಬಚ್ಚಲು, ಬಚ್ಚಲಿನಿಂದ ಮುದುಕಿಯ ಕೋಣೆ. ನಡುಮನೆ ತುಳಿಯುವಂತಿಲ್ಲ. ಅಡುಗೆಮನೆಯ ಕಡೆ ತಿರುಗಿ ನೋಡುವಂತಿಲ್ಲ. ಅವಳ ಲೋಟ ಹಿತ್ತಲ ಗೋಡೆಯ ಮೇಲೆ, ಮಳೆ ಬಂದರೂ ಅಲ್ಲೇ. ಮುದುಕಿಯ ಮೈ ತೊಳೆದು ಸೀರೆ ಸುತ್ತಿ ಮಲಗಿಸಿ ಅಂಕಮ್ಮ ಹೊರಟ ಮೇಲೆ ಸೊಸೆ ಬಂದು ಅತ್ತೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತಿದ್ದಳು. ಮುಟ್ಟಿದ್ದು ಹೋಗಲಿ ಅಂತ! ಹೇಲು ಬಳಿದ ಕೈ ಬೇಕು, ಆ ಕೈಯ ಗುರುತು ಬೇಡ.

ಮುದುಕಿ ಮಾತ್ರ ಒಂದು ಮಾತು ಆಡುತ್ತಿದ್ದಳು. ಬಿಸಿನೀರು ಮೈಗೆ ಬಿದ್ದು ಹಾಯೆನಿಸಿದಾಗ ಆಡುತ್ತಿದ್ದಳು. "ಅಂಕೀ, ಹೆಣ್ಣು ಹೊಟ್ಟೇಲಿ ಹುಟ್ಟಲಿಲ್ಲ ನಂಗೆ. ನೀನೇ ಮಗಳಿದ್ದಂಗೆ ಕಣೇ."

ಅಂಕಮ್ಮ ನೀರಿನ ತಂಬಿಗೆ ಕೆಳಗಿಟ್ಟು ಕೇಳುತ್ತಿದ್ದಳು. "ಅವ್ವಾರೇ, ದಾರಿ?"

"ಹೇಳ್ತೀನಿ ಕಣೇ. ಚಲುವಂಗೆ ಹೇಳ್ತೀನಿ. ಒಸಿ ತಾಳು."

ದಾರಿ ಅಂದರೆ ಯಾವುದು ಅಂತ ಹೇಳಿಬಿಡುತ್ತೇನೆ. ಹೊಲಗೇರಿಯ ಮಸಣ ಊರಾಚೆ, ಕರಿಬಂಡೆಯ ಬುಡದಲ್ಲಿದೆ. ಅಲ್ಲಿಗೆ ಒಂದೇ ಕಾಲುದಾರಿ. ಅಜ್ಜ ಮುತ್ತಜ್ಜರೆಲ್ಲ ಆ ದಾರಿಯಲ್ಲೇ ಹೋದದ್ದು, ಹೋದವರು ಅಲ್ಲೇ ಮಲಗಿದ್ದು. ಒಂಬತ್ತು ವರ್ಷದ ಹಿಂದೆ ಚಲುವೇಗೌಡ ಆ ದಾರಿಗೆ ಅಡ್ಡಲಾಗಿ ಆಳೆತ್ತರದ ಚಪ್ಪಡಿ ಕಲ್ಲು ನೆಡಿಸಿದ. ಕ್ವಾರಿಯ ಕಲ್ಲು ಪೇರಿಸಲು ಜಾಗ ಬೇಕಿತ್ತಂತೆ. ಕೇರಿಯವರು ಕೇಳಲು ಹೋದರೆ, "ಕೆರೆ ಕಡೆಯಿಂದ ಹೋಗಿ. ಸತ್ತೋರಿಗೇನು ಅರ್ಜೆಂಟು?" ಅಂದ. ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟರು. ಅಳತೆಯವರು ಬಂದರು, ಗೌಡರ ಜಗಲಿಯಲ್ಲಿ ಎಳನೀರು ಕುಡಿದರು, ಹೋದರು.

ಆ ಚಪ್ಪಡಿಗಳನ್ನು ಸೀಳಿದವನು ಅಂಕಮ್ಮನ ಗಂಡ ಮರಿಯಪ್ಪ. ಕೂಲಿಗೆ ಸೀಳಿದ. ಯಾತಕ್ಕೆ ಅಂತ ಯಾರೂ ಹೇಳಿರಲಿಲ್ಲ. ಕಲ್ಲಿನ ಅಂಚಿನಲ್ಲಿ ಸಾಲಾಗಿ ಉಳಿದ ಉಳಿಯ ಗುಳಿಗಳು ಅವನವೇ. ಇಪ್ಪತ್ತು ವರ್ಷ ಆ ಧೂಳು ಕುಡಿದು ಎದೆ ಕಟ್ಟಿ, ಉಸಿರಿಗೆ ಒದ್ದಾಡಿ ಒದ್ದಾಡಿ ಸತ್ತ. ಸತ್ತದ್ದು ಕೆರೆ ಕೋಡಿ ಬಿದ್ದ ವರ್ಷ, ಆಶ್ವೀಜದಲ್ಲಿ.

ದಾರಿಯಿಲ್ಲ. ಹೆಣ ಹೊತ್ತವರು ಕೆರೆಗೆ ಇಳಿದರು. ಮೊಣಕಾಲು, ಸೊಂಟ, ಎದೆ. ಅಂಕಮ್ಮ ಹಿಂದೆ ಇಳಿದಿದ್ದಳು. ಮುಂದಿನವನ ಕಾಲು ಕೆಸರಿನಲ್ಲಿ ಜಾರಿತು. ಚಟ್ಟ ವಾಲಿತು. ಮರಿಯಪ್ಪ ನೀರಿಗೆ ಬಿದ್ದ. ಒಂದು ಕೈ ಮೇಲೆ ಬಂತು. ಅಂಕಮ್ಮ ಹಿಡಿಯಲು ಹೋದಳು, ಬೆರಳು ಸಿಕ್ಕಿತು, ಜಾರಿತು. ಮಾಗಡಿಗೆ ಕೊಟ್ಟಿದ್ದ ಮಗಳು ಅಪ್ಪನ ಬಾಯಿಗೆ ಅಕ್ಕಿ ಹಾಕಬೇಕು ಅಂತ ಮಡಿಲಲ್ಲಿ ಅಕ್ಕಿ ಕಟ್ಟಿಕೊಂಡು ದಡದಲ್ಲಿ ನಿಂತಿದ್ದಳು. ಅಕ್ಕಿ ಹಾಗೇ ಉಳಿಯಿತು.

ಮೂರನೇ ದಿನ ಹೆಣ ತೇಲಿತು. ಹೊರುವ ಹಾಗಿರಲಿಲ್ಲ, ನೋಡುವ ಹಾಗೂ ಇರಲಿಲ್ಲ. ಕೆರೆಯಂಚಿನ ಹೊಂಗೆಮರದ ಕೆಳಗೇ ಗುಂಡಿ ತೋಡಿ ಮಣ್ಣು ಮಾಡಿದರು. ಅಪ್ಪ ಅವ್ವ ಎಲ್ಲ ಕರಿಬಂಡೆಯ ಬುಡದಲ್ಲಿ, ಇವನೊಬ್ಬ ಇಲ್ಲಿ. ಕೆರೆ ತುಂಬಿದಾಗ ಅವನ ಗುಂಡಿಯೂ ನೀರಿನೊಳಗೆ.

ಅಂದಿನಿಂದ ಮರಿಯಪ್ಪ ಬರುತ್ತಿದ್ದ. ಹಗಲಿನಲ್ಲೇ ಬರುತ್ತಿದ್ದ. ಅಂಕಮ್ಮ ರಾಗಿ ಬೀಸುವಾಗ, ಮುದುಕಿಯ ಬಟ್ಟೆ ಒಗೆಯುವಾಗ, ಹೊಸ್ತಿಲ ಹೊರಗೆ ಪಚಪಚ ಸದ್ದು. ಒದ್ದೆ ಕಾಲಿನ ಸದ್ದು. ತಿರುಗಿದರೆ ನಿಂತಿರುತ್ತಿದ್ದ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಬಾ ಅಂದರೆ ಬರುತ್ತಿರಲಿಲ್ಲ. ಕೇರಿಯವರು ತಾಯತ ಕಟ್ಟಿಸಿಕೋ ಅಂದರು. "ನನ್ ಗಂಡ ಬಂದ್ರೆ ನಿಮಗೇನ್ರಲಾ ಕಷ್ಟ?" ಅಂತ ಅವರನ್ನೇ ಬೈದಳು. ಆದರೆ ಭಯ ಇರಲಿಲ್ಲ ಅಂತಲ್ಲ. ಅವನ ಕಣ್ಣು ನೋಡಿದರೆ ಭಯವಾಗುತ್ತಿತ್ತು. ಒಂದೇ ಒಂದು ಮಾತು ಕೇಳಲು ಬಂದವನ ಹಾಗೆ ನೋಡುತ್ತಿದ್ದ, ಆ ಮಾತು ಅವಳಿಗೂ ಗೊತ್ತಿತ್ತು.

ಆರು ವರ್ಷ ಹೀಗೇ ಕಳೆಯಿತು. ಆಮೇಲೆ ಮುದುಕಿಗೆ ಪಶುಪತಿನಾಥನ ದರ್ಶನ ಮಾಡಿಯೇ ಸಾಯಬೇಕು ಅನ್ನುವ ಹಟ ಹಿಡಿಯಿತು. ಮಗ ಒಪ್ಪಿದ. ಊರ ಮುಂದೆ ತಾಯಿಯನ್ನು ಕಾಠ್ಮಂಡುವಿಗೆ ಕರೆದೊಯ್ದ ಮಗ ಅನ್ನಿಸಿಕೊಳ್ಳಬೇಕಲ್ಲ! ಎತ್ತಿ ಇಳಿಸಲು ಆಳು ಬೇಕು. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ವೋಟರ್ ಕಾರ್ಡ್ ಸಾಕು. ಅಂಕಮ್ಮ ಹೊರಟಳು. ರೈಲು, ಮತ್ತೆ ರೈಲು, ಆಮೇಲೆ ವ್ಯಾನು. ಎಲ್ಲೆಲ್ಲೂ ಮುದುಕಿಯನ್ನು ಎದೆಗವಚಿಕೊಂಡು ಹತ್ತಿಸಿದಳು.

ದರ್ಶನವಾದ ಮಾರನೇ ದಿನ ಬೆಳಗ್ಗೆ, ಲಾಡ್ಜಿನ ಬಚ್ಚಲಿನಲ್ಲಿ, ಬಿಸಿನೀರು ಹುಯ್ಯುತ್ತಿರುವಾಗಲೇ ಮುದುಕಿಯ ಕತ್ತು ಅಂಕಮ್ಮನ ತೋಳ ಮೇಲೆ ವಾಲಿತು. "ಅಂಕೀ, ಮಗಳಿದ್ದಂಗೆ..." ಅಂದಳು.

"ದಾರಿ, ಅವ್ವಾರೇ? ದಾರಿ?"

ಮುದುಕಿ ಕಣ್ಣು ಮುಚ್ಚಿದಳು. ಒಂಬತ್ತು ವರ್ಷ ತಾಳಿದ್ದಕ್ಕೆ ಸಿಕ್ಕಿದ್ದು ಇಷ್ಟು. ಅಂಕಮ್ಮನಿಗೆ ಅಳು ಬಂತು, ಅಳುವಿನ ಜೊತೆಗೇ ಸಿಟ್ಟೂ ಬಂತು. ಬಾಯಿ ತೆರೆದು ಒಂದು ಮಾತು ಮಗನಿಗೆ ಹೇಳಿದ್ದರೆ ಈ ಮುದುಕಿಯ ಗಂಟೇನು ಹೋಗುತ್ತಿತ್ತು? ಅಂದುಕೊಂಡಳು. ಅಂದುಕೊಂಡೇ ಮೈ ಒರೆಸಿ, ಬಾಯಿ ಮುಚ್ಚಿಸಿ, ಕಾಲಿನ ಹೆಬ್ಬೆರಳು ಕಟ್ಟಿದಳು.

ಚಲುವೇಗೌಡ ಊರಿನ ಜೋಯಿಸರಿಗೆ ಫೋನು ಮಾಡಿದ. ಜೋಯಿಸರು ಪಂಚಕ ಅಂದುಬಿಟ್ಟರು. ಪಂಚಕದಲ್ಲಿ ಹೋದ ಜೀವ ಜೊತೆಗೆ ಬೇರೆಯವರನ್ನೂ ಕರೆಯುತ್ತದಂತೆ. ಹೆಣದ ಜೊತೆ ಮನೆಯವರು ಒಂದೇ ಸೂರಿನಡಿ ಕೂರಬಾರದು. ಬೇಗ ಊರಿಗೆ ತರಬೇಕು. ಶನಿವಾರ ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ದುಡ್ಡಿದ್ದವರಿಗೆ ಎಲ್ಲಕ್ಕೂ ಉಪಾಯ. ಹೆಣ ಹೊರುವ ಪುಟ್ಟ ವಿಮಾನವೊಂದನ್ನು ಗೊತ್ತು ಮಾಡಿದ. ತಾನೂ ಜೊತೆಗೆ ಬಂದಿದ್ದ ಹೆಂಡತಿಯೂ ಹಿಂದಿನ ದಿನವೇ ದೊಡ್ಡ ವಿಮಾನದಲ್ಲಿ ಹೊರಟರು. ಕರೆಯುವುದಾದರೆ ಅಂಕಮ್ಮನನ್ನು ಕರೆದುಕೊಳ್ಳಲಿ!

ಹೊರಡುವ ಮುಂಚೆ ಅವಳ ಕೈಲಿ ಮೂರ್ನಾಲ್ಕು ಕಾಗದಕ್ಕೆ ಸೈನು ಹಾಕಿಸಿದ. ಹೆಂಗಸರ ಸಂಘದ ಮೀಟಿಂಗಿನಲ್ಲಿ ಕಲಿತ ಸೈನು. "ಏನ್ ಬರೆದೈತೆ ಬುದ್ದಿ?" ಅಂದಳು. "ಏನೋ ಬರೆದೈತೆ. ನಿಂಗ್ಯಾಕೆ? ಹಾಕು" ಅಂದ.

ಶನಿವಾರ ಬೆಳಕು ಹರಿಯುತ್ತಲೇ ವಿಮಾನ ಎದ್ದಿತು. ಮುಂದೆ ಇಬ್ಬರು ಪೈಲಟ್‌ಗಳು. ಹಿಂದೆ ಬೆಲ್ಟು ಬಿಗಿದ ಪೆಟ್ಟಿಗೆ. ಪೆಟ್ಟಿಗೆಯ ಪಕ್ಕ ಒಂದು ಸೀಟು, ಅದರಲ್ಲಿ ಅಂಕಮ್ಮ. ಎದುರಿಗೆ ಇನ್ನೊಂದು ಸೀಟು ಖಾಲಿ. ವಿಮಾನ ಅಲುಗಾಡಿದಾಗೆಲ್ಲ ಅವಳ ಕೈ ತಾನಾಗಿ ಪೆಟ್ಟಿಗೆಯ ಮೇಲೆ ಹೋಗುತ್ತಿತ್ತು. ಎತ್ತಿನಗಾಡಿಯಲ್ಲಿ ಮಗು ಹಿಡಿದು ಕೂತವರ ಅಭ್ಯಾಸ ಅದು. "ಏನಿಲ್ಲ ಅವ್ವಾರೇ, ಏನಿಲ್ಲ" ಅಂದಳು. ಅಂದಮೇಲೆ ತನ್ನ ಮೇಲೇ ರೇಗಿತು.

ಪಚಪಚ ಸದ್ದಾಯಿತು.

ಎದುರಿನ ಸೀಟಿನಲ್ಲಿ ಮರಿಯಪ್ಪ ಕೂತಿದ್ದ. ಅದೇ ಒದ್ದೆ ಪಂಚೆ. ಅದೇ ಕೆಸರು ಕಾಲು. ನೀರು ಸೀಟಿನಿಂದ ಇಳಿದು ವಿಮಾನದ ನೆಲಕ್ಕೆ ಬೀಳುತ್ತಿತ್ತು.

"ಏನಮ್ಮೀ, ಇಷ್ಟು ಮ್ಯಾಲೆ ಬಂದ್ಬುಟ್ಟೆ?" ಅಂದ. ಆರು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟಿದ್ದ.

ಅಂಕಮ್ಮ ಅವನ ಕಡೆ ಬಗ್ಗಿದಳು. "ನೀನೆಂಗೆ ಬಂದೆ? ಟಿಕೀಟು ಯಾರ್ ಕೊಟ್ರು?"

"ನಂಗ್ಯಾಕೆ ಟಿಕೀಟು. ಗೌಡ್ತಿಗೆ ಎಷ್ಟು ಚೆಂದದ ಪೆಟ್ಟಿಗೆ ನೋಡು. ಒಂದು ತೊಟ್ಟು ನೀರು ಒಳಕ್ಕೆ ಹೋಗಾಕಿಲ್ಲ."

ಮುಂದಿನ ಪೈಲಟ್ ತಿರುಗಿ ಕಿಟಕಿಯ ಕಡೆ ಬೆರಳು ತೋರಿಸಿ, "ಇಂಡಿಯಾ" ಅಂದ. ಅಂಕಮ್ಮ ಹಣೆಯನ್ನು ಗಾಜಿಗೆ ಒತ್ತಿ ನೋಡಿದಳು. ಒಂದು ದೇಶ ಮುಗಿದು ಇನ್ನೊಂದು ದೇಶ ಶುರುವಾಗುವ ಜಾಗವನ್ನು ಹುಡುಕಿದಳು. ಕಲ್ಲು ನೆಟ್ಟಿರಲಿಲ್ಲ. ಬೇಲಿ ಇರಲಿಲ್ಲ. ಬದುವೂ ಇರಲಿಲ್ಲ. ಆ ಕಡೆಯೂ ಹೊಲ, ಈ ಕಡೆಯೂ ಹೊಲ, ನಡುವೆ ಒಂದು ಹೊಳೆ.

"ಗೌಡ್ತಿ ದೇಶ ದಾಟಿದ್ಲು" ಅಂದ ಮರಿಯಪ್ಪ. "ನಂಗೆ ಒಂದು ಹೊಲ ದಾಟಕ್ಕಾಗ್ಲಿಲ್ಲ ಕಣಮ್ಮಿ."

ಕೇಳಲು ಬರುತ್ತಿದ್ದ ಮಾತು ಅದೇ. ಅಂಕಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಇಬ್ಬರು ಗಂಡಸರು ಮುಂದಿದ್ದಾರೆ, ಅತ್ತರೆ ಕೇಳಿಸುತ್ತದೆ ಅಂತ. ಮಧ್ಯೆ ಯಾವುದೋ ಊರಿನಲ್ಲಿ ವಿಮಾನ ಇಳಿದು ಎಣ್ಣೆ ಹಾಕಿಸಿಕೊಂಡಿತು. ಅಲ್ಲಿ ಕೆಲಸ ಮಾಡುವವರು ಪೆಟ್ಟಿಗೆ ನೋಡಿ ಟೋಪಿ ತೆಗೆದರು. ಒಬ್ಬ ಅವಳಿಗೆ ಗಾಜಿನ ಲೋಟದಲ್ಲಿ ಚಾ ತಂದುಕೊಟ್ಟ. ಕುಡಿದ ಲೋಟವನ್ನು ಅವನೇ ಇಸಿದುಕೊಂಡು ಹೋದ. ಅದನ್ನು ಅವಳು ಬಹಳ ಹೊತ್ತು ನೆನೆದಳು. ಮತ್ತೆ ವಿಮಾನ ಏಳುವಾಗ ಎದುರಿನ ಸೀಟು ಖಾಲಿಯಿತ್ತು, ಕೈಯಿಟ್ಟು ನೋಡಿದಳು, ತಣ್ಣಗಿತ್ತು.

ಹನ್ನೊಂದು ಗಂಟೆಗೆ ಬೆಂಗಳೂರಿನಲ್ಲಿ ಇಳಿದರು. ಪೆಟ್ಟಿಗೆಯನ್ನು ಸಾಮಾನು ಇಳಿಸುವ ಶೆಡ್ಡಿಗೆ ತಂದರು. ಗೇಟಿನಾಚೆ ಹೂವು ಸುತ್ತಿದ ವ್ಯಾನು ನಿಂತಿತ್ತು. ಚಲುವೇಗೌಡ ಬಿಳಿ ಪಂಚೆ ಉಟ್ಟು, ಅದರ ಪಕ್ಕ ಫೋನು ಹಿಡಿದು ಓಡಾಡುತ್ತಿದ್ದ.

ಶೆಡ್ಡಿನಲ್ಲಿ ಕಾಗದ ನೋಡುವವನ ಹೆಸರು ನಿಯಾಜ್. ಚನ್ನಪಟ್ಟಣದವನು, ನಲವತ್ತರ ಆಸುಪಾಸು. ಗಲ್ಫಿಗೆ ದುಡಿಯಲು ಹೋಗಿ ಪೆಟ್ಟಿಗೆಯಲ್ಲಿ ವಾಪಸ್ಸು ಬರುವವರನ್ನು ಅವರವರ ಮನೆಯವರಿಗೆ ಒಪ್ಪಿಸುವುದೇ ಅವನ ಕೆಲಸ. ಅವನು ಕಾಗದ ತಿರುವಿ ಹಾಕಿ, ಅವಳ ಒರಟು ಕೈ ನೋಡಿ, ಮತ್ತೆ ಕಾಗದ ನೋಡಿದ.

"ಅಮ್ಮ, ನೀವೇನಾ ಮಗಳು?"

"ಯಾರ ಮಗಳು?"

"ತೀರಿಕೊಂಡೋರ ಮಗಳು. ಇಲ್ಲಿ ಹಂಗೇ ಬರೆದೈತೆ. ಸತ್ತವರು ಚಿಕ್ಕಲಕ್ಷ್ಮಮ್ಮ. ಜೊತೆಗೆ ಬರೋರು ಅಂಕಮ್ಮ. ಸಂಬಂಧ, ಮಗಳು. ರಕ್ತಸಂಬಂಧದೋರು ಬಿಟ್ಟು ಬೇರೆಯೋರನ್ನ ಹೆಣದ ಜೊತೆ ಕೂರಿಸಲ್ಲ. ನಿಮ್ಮ ಸೈನೂ ಐತೆ."

ಅಂಕಮ್ಮ ಕಾಗದ ನೋಡಿದಳು. ಇಂಗ್ಲಿಷು. ಏನೂ ತಿಳಿಯಲಿಲ್ಲ. "ಮಗಳಿದ್ದಂಗೆ ಅಂತ ಬರೆದೈತಾ?"

"ಇದ್ದಂಗೆ ಗಿದ್ದಂಗೆ ಅಂತೆಲ್ಲ ಬರೆಯೋಕೆ ಜಾಗ ಇರಲ್ಲಮ್ಮ ಇದ್ರಲ್ಲಿ. ಮಗಳು. ಅಷ್ಟೇ." ನಿಯಾಜ್ ಪೆನ್ನು ಮುಂದಿಟ್ಟ. "ಪೆಟ್ಟಿಗೆ ಬಂದಿರೋದು ನಿಮ್ಮ ಹೆಸರಲ್ಲಿ. ಇಲ್ಲೊಂದು ಸೈನ್ ಹಾಕಿದ್ರೆ ನಿಮ್ಮ ತಾಯಿನ ಕರಕೊಂಡು ಹೋಗಬಹುದು."

ಹನ್ನೊಂದು ವರ್ಷ ಹಿತ್ತಲ ಬಾಗಿಲು. ಗೋಡೆಯ ಮೇಲಿನ ಲೋಟ. ನೀರು ಚಿಮುಕಿಸುವ ಸೊಸೆ. ಈಗ ನೋಡಿದರೆ ಮಗಳು! ಅಂಕಮ್ಮನಿಗೆ ನಗು ಬಂತು. ಶೆಡ್ಡಿನಲ್ಲಿ ಹೆಣದ ಮುಂದೆ ನಿಂತು ಜೋರಾಗಿ ನಕ್ಕೂಬಿಟ್ಟಳು. ನಿಯಾಜ್ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟ.

ಅಷ್ಟರಲ್ಲಿ ಚಲುವೇಗೌಡ ಒಳಗೆ ಬಂದ. "ಏನೇ ಇನ್ನೂ? ಹಾಕು ಸೈನು. ಟೈಮಿಲ್ಲ. ನೀನು ಹಿಂದಿನ ಟೆಂಪೋದಲ್ಲಿ ಬಾ. ಮನೆ ಹತ್ರ ಬರಬ್ಯಾಡ, ಹೆಣದ ಜೊತೆ ಬಂದಿದ್ದೀಯ, ಪಂಚಕ ಬೇರೆ. ಸೀದಾ ಕೇರಿಗೆ ಹೋಗು."

ಅಂಕಮ್ಮ ಪೆನ್ನು ಕೆಳಗಿಟ್ಟಳು.

"ಏನಾಯ್ತೇ?"

"ನಾನು ಯಾರು ಅಂತ ಬರ್ಸಿದ್ದೀರಿ?"

"ಅಯ್ಯೋ, ಅದು ಸುಮ್ನೆ ಕಾಗದಕ್ಕೆ ಕಣೇ."

"ಕಾಗದಕ್ಕೆ ಮಗಳು. ಮನೆ ಹತ್ರ ಬರಬ್ಯಾಡ. ಎರಡೂ ಹೆಂಗೆ ಆಯ್ತದೆ ಗೌಡ್ರೇ?"

ಅವನಿಗೆ ಮೊದಲು ಕೇಳಿಸಿದ್ದು ಕೊನೆಯ ಮಾತು. ಇಷ್ಟು ವರ್ಷವೂ ಬುದ್ದಿ ಅನ್ನುತ್ತಿದ್ದ ಬಾಯಿಗೆ ಗೌಡ್ರೇ ಹೇಗೆ ಬಂತು? ಕಣ್ಣು ಕೆಂಪಾಯಿತು. "ಕೇರಿ ಮುಂಡೆಗೆ ವಿಮಾನ ಹತ್ತಿಸಿದ್ದೇ ತಪ್ಪಾಯ್ತು. ಹಾಕೇ ಸೈನ!"

"ಹಾಕಾಕಿಲ್ಲ."

ಜೋರಾಗಿ ಏನೂ ಹೇಳಲಿಲ್ಲ ಅವಳು. ಆದರೆ ಅಂಥ ಮಾತನ್ನು ಚಲುವೇಗೌಡನಿಗೆ ಆ ಕೇರಿಯವರು ಯಾರೂ ಅಲ್ಲಿಯವರೆಗೆ ಹೇಳಿರಲಿಲ್ಲ. ಹೇಳಿದವಳೇ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

ಗೌಡ ನಿಯಾಜ್ ಕಡೆ ತಿರುಗಿದ. "ನಾನು ಮಗ. ನಾನೇ ಹಾಕ್ತೀನಿ ಕೊಡ್ರೀ."

"ಆಗಲ್ಲ ಸಾರ್. ನಿಮ್ಮ ಹೆಸರು ಇದ್ರಲ್ಲಿ ಎಲ್ಲೂ ಇಲ್ಲ. ಬದಲಾಯಿಸಬೇಕು ಅಂದ್ರೆ ಕಾಠ್ಮಂಡುವಿನಿಂದ ಹೊಸ ಕಾಗದ ಬರಬೇಕು. ಇವತ್ತು ಶನಿವಾರ. ಅಲ್ಲಿ ಶನಿವಾರ ರಜ." ನಿಯಾಜ್ ಗೌಡನ ಮುಖ ನೋಡದೆ ಹೇಳಿದ. "ಇನ್ನೊಂದು ಮಾತು ಸಾರ್. ಈ ಅಮ್ಮ ನಾನು ಮಗಳಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ, ಸುಳ್ಳು ಕಾಗದ ಮಾಡಿಸಿದೋರು ಯಾರು ಅಂತ ಪೊಲೀಸ್ನೋರು ಬಂದು ಕೇಳ್ತಾರೆ. ಪೆಟ್ಟಿಗೆ ಇಲ್ಲೇ ಇರುತ್ತೆ."

ಚಲುವೇಗೌಡ ಬೆವರು ಒರೆಸಿಕೊಂಡ. ಗೇಟಿನ ಕಡೆ ನೋಡಿದ, ಗಡಿಯಾರ ನೋಡಿದ. ಊರಿನಲ್ಲಿ ಶಾಮಿಯಾನ ಹಾಕಿಸಿದ್ದಾನೆ. ಕನಕಪುರದಿಂದ, ರಾಮನಗರದಿಂದ ನೆಂಟರು ಬಂದು ಕೂತಿದ್ದಾರೆ. ಗುಂಡಿ ತೋಡಿ ಆಗಿದೆ. ದನಿ ಇಳಿಸಿ ಅವಳ ಮುಂದೆ ಬಗ್ಗಿದ.

"ಅಂಕಮ್ಮ, ಏನು ಬೇಕು ಹೇಳು. ಅವ್ವ ನಿನ್ನ ಮಗಳಿದ್ದಂಗೆ ನೋಡ್ಕೊಂಡಿಲ್ವಾ?"

"ಆ ಮಾತು ಬುಡಿ. ಹನ್ನೊಂದು ವರ್ಷ ಕೇಳಿದ್ದೀನಿ ಅದ್ನ." ಅವಳು ತಲೆಯೆತ್ತಿದಳು. "ಕಲ್ಲು ಕೀಳಿಸಿ."

"ಯಾವ ಕಲ್ಲು?"

"ಗೊತ್ತಿಲ್ವಾ ನಿಮಗೆ? ನಮ್ಮ ಮಸಣದ ದಾರಿಗೆ ನೆಟ್ಟಿರೋ ಕಲ್ಲು. ನನ್ ಗಂಡನ ಕೈಲಿ ಸೀಳ್ಸಿ, ನನ್ ಗಂಡಂಗೇ ಅಡ್ಡ ನೆಟ್ಟಿರೋ ಕಲ್ಲು. ಈಗ್ಲೇ ಕೀಳಿಸಿ. ಕಿತ್ತ ಮ್ಯಾಲೆ ಸೈನು."

"ಊರಿಗೆ ಹೋಗಿ ಮಾತಾಡಣ."

"ಊರಿಗೆ ಹೋದ್ರೆ ನಾನು ಮಗಳಾಗಿರಾಕಿಲ್ಲ. ಇಲ್ಲೇ ಮಾತಾಡಿ."

ಗೌಡ ಎದ್ದು ಆಚೆ ಹೋದ. ಯಾರಿಗೋ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಬಂದು, "ಕ್ವಾರಿ ಜೆಸಿಬಿ ಹೋಗೈತೆ. ಕೀಳ್ತಾವ್ರೆ. ಕೇಳು ಬೇಕಾದ್ರೆ" ಅಂತ ಫೋನನ್ನು ಅವಳ ಕಿವಿಗೆ ಹಿಡಿದ.

ಧಡ್ ಅಂತ ಸದ್ದು. ಸ್ವಲ್ಪ ತಡೆದು ಮತ್ತೆ ಧಡ್.

ಅಂಕಮ್ಮ ಮದುವೆಯಾಗಿ ಬಂದ ದಿನದಿಂದ ಕ್ವಾರಿಯಲ್ಲಿ ಜಲ್ಲಿ ಹೊತ್ತವಳು. ಮುದುಕಿಯ ಕೆಲಸಕ್ಕೆ ಸೇರುವವರೆಗೂ ಹೊತ್ತಳು. ಕಲ್ಲಿನ ಸದ್ದು ಅವಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಇದು ಲಾರಿಯಿಂದ ಕಲ್ಲು ಉರುಳಿಸ್ತಿರೋದು" ಅಂದಳು. "ಕಲ್ಲ ಮ್ಯಾಲೆ ಕಲ್ಲು ಬೀಳ್ತೈತೆ. ನೆಟ್ಟ ಕಲ್ಲು ಕಿತ್ರೆ ಮೊದ್ಲು ನೆಲ ಮುಲುಗ್ತದೆ, ಆಮ್ಯಾಕೆ ಬೀಳ್ತದೆ. ನನ್ನ ಕಿವಿಗೆ ಹೂವು ಮಡಗಬ್ಯಾಡಿ ಗೌಡ್ರೇ. ಮಾಯಮ್ಮ ಅಲ್ಲಿ ನಿಂತು ಹೇಳಲಿ."

ಮಾಯಮ್ಮ ಅಂಕಮ್ಮನ ಪಕ್ಕದ ಮನೆಯವಳು. ಮರಿಯಪ್ಪ ನೀರಿಗೆ ಬಿದ್ದ ದಿನ ಅಂಕಮ್ಮನ ಜುಟ್ಟು ಹಿಡಿದು ದಡಕ್ಕೆ ಎಳೆದವಳು. ಅವಳಿಗೆ ಸುದ್ದಿ ಮುಟ್ಟಿ, ಅವಳು ಕೈಗೆ ಸಿಕ್ಕವರನ್ನೆಲ್ಲ ಕರೆದುಕೊಂಡು ದಾರಿಗೆ ಬರುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಆ ಅರ್ಧ ಗಂಟೆ ಗೌಡ ಬೈದ, ಬೆದರಿಸಿದ, ಊರಿಗೆ ಬಾ ನೋಡ್ಕತೀನಿ ಅಂದ, ಕೈ ಮುಗಿಯುವ ಹಾಗೂ ಮಾಡಿದ. ಅಂಕಮ್ಮ ಪೆಟ್ಟಿಗೆಗೆ ಒರಗಿ ಕೂತಿದ್ದಳು. ಪೆಟ್ಟಿಗೆಯ ಹಲಗೆಯ ಆಚೆಗೆ ಮುದುಕಿ ಇದ್ದಾಳೆ ಅನ್ನುವುದು ಬೆನ್ನಿಗೆ ಗೊತ್ತಾಗುತ್ತಿತ್ತು. 'ನೋಡಿ ಅವ್ವಾರೇ, ನೀವು ಹೇಳದೆ ಹೋದ ಮಾತ ನಾನೇ ಹೇಳ್ದೆ' ಅಂದುಕೊಂಡಳು. ಒಳಗಿನಿಂದ ಯಾರೋ ಉಸಿರು ಬಿಟ್ಟಂತಾಯಿತು. ಅಂಕಮ್ಮ ಸರಿದು ಕೂರಲಿಲ್ಲ.

ಗೌಡನ ಫೋನಿಗೆ ಕರೆ ಬಂತು. ನಿಯಾಜ್ ಅದನ್ನು ಸ್ಪೀಕರಿಗೆ ಹಾಕಿ ಪೆಟ್ಟಿಗೆಯ ಮೇಲೇ ಇಟ್ಟ.

"ಅಂಕಕ್ಕಾ! ನಾನು ಕಣಕ್ಕ, ಮಾಯಿ! ಏನಕ್ಕ ಮಾಡ್ದೆ ನೀನು? ಇಡೀ ಕೇರಿ ಇಲ್ಲೇ ಐತೆ!"

"ಜೆಸಿಬಿ ಐತಾ?"

"ಐತೆ ಕಣಕ್ಕ. ಕೊಕ್ಕೆ ಹಾಕ್ತಾವ್ನೆ. ತಡಿ."

ಜೆಸಿಬಿ ಗುರುಗುಟ್ಟಿತು. ಆಮೇಲೆ ಆ ಸದ್ದು ಬಂತು. ಮಣ್ಣು ಬಿಡುವ ಸದ್ದು, ಅಡಿಯಿಂದ ಎದ್ದು ಬಂದ ಮುಲುಕು. ಆಮೇಲೆ ಧೊಪ್ಪನೆ ಒಂದು ಪೆಟ್ಟು, ಒಣ ನೆಲಕ್ಕೆ. ಹೆಂಗಸರು ಕೂಗಿದರು.

"ಬಿತ್ತು ಕಣಕ್ಕೋ! ಬಿತ್ತು!"

ಇನ್ನೊಂದು ಮುಲುಗಿತು. ಮತ್ತೊಂದು. ಮಾಯಮ್ಮ ಅಳುತ್ತಾ ನಗುತ್ತಾ ಏನೇನೋ ಹೇಳುತ್ತಿದ್ದಳು. "ಮರಿಯಣ್ಣನ ಉಳಿ ಗುರ್ತು ಹಂಗೇ ಐತೆ ಕಣಕ್ಕ" ಅಂದಳು. ಅಂಕಮ್ಮ ಆಗ ಮಾತ್ರ ಅತ್ತಳು. ಈ ಸಲ ಸೆರಗು ಬಾಯಿಗೆ ತುರುಕಿಕೊಳ್ಳಲಿಲ್ಲ.

ಎದ್ದು ಹೋಗಿ ಸೈನು ಹಾಕಿದಳು. ಸಂಘದಲ್ಲಿ ಕಲಿತ ಹಾಗೆ, ಅಂ, ಕ, ಮ್ಮ, ಒಂದೊಂದೇ ಅಕ್ಷರ. ನಿಯಾಜ್ ಸೀಲು ಒತ್ತಿ, "ಹೋಗಿ ಬನ್ನಿ ಅಮ್ಮ" ಅಂದ. ಅವಳನ್ನು ಟೆಂಪೋ ಹತ್ತಿಸುವಾಗ ಚಲುವೇಗೌಡ ಹಲ್ಲು ಕಚ್ಚಿ ಹೇಳಿದ. "ನಾಳೆ ಬೆಳಗ್ಗೆ ಮತ್ತೆ ನೆಡಿಸ್ತೀನಿ."

"ನೆಡ್ಸಿ. ಕೀಳೋದು ಹೆಂಗೆ ಅಂತ ಕೇರಿಗೆ ಈಗ ಗೊತ್ತಾಯ್ತಲ್ಲ" ಅಂದಳು.

ನಾಳೆ ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ಕೆಲಸ ಹೋಯಿತು ಅನ್ನುವುದು ಗೊತ್ತಿತ್ತು. ಹೊಡೆಸಿದರೂ ಹೊಡೆಸಿದ, ಅವನಿಗೇನು ಕೈ ನಡುಗುವುದಿಲ್ಲ. ಆದರೆ ಇವತ್ತಿನ ಹೊತ್ತು ಇನ್ನೂ ಮುಳುಗಿರಲಿಲ್ಲ.

ಐದು ಗಂಟೆಗೆ ಊರು ಮುಟ್ಟಿದರು. ಹೂವಿನ ವ್ಯಾನು ಗೌಡರ ಮನೆಯ ಕಡೆ ತಿರುಗಿತು. ಅಂಕಮ್ಮ ಟೆಂಪೋ ಇಳಿದು ಕೇರಿಗೆ ಹೋಗಲಿಲ್ಲ, ಕೆರೆಗೆ ಹೋದಳು. ಹೊಂಗೆಮರದ ಬುಡದಲ್ಲಿ ನೀರು ಸರಿದು ಕೆಸರು ಉಳಿದಿತ್ತು. ಮಂಡಿಯೂರಿ, ಗಂಡನ ಗುಂಡಿಯ ಮಣ್ಣನ್ನು ಎರಡೂ ಕೈಯಿಂದ ಬಗೆದು ಸೆರಗಿಗೆ ತುಂಬಿಕೊಂಡಳು. ತಣ್ಣನೆ ಮಣ್ಣು. ಸೆರಗಿನಿಂದ ನೀರು ಇಳಿದು ಹೊಟ್ಟೆ, ತೊಡೆ ಎಲ್ಲ ಒದ್ದೆಯಾಯಿತು.

"ಏಳು, ಹೋಗಣ" ಅಂದಳು.

ದಾರಿಯಲ್ಲಿ ಕೇರಿಯವರು ನಿಂತಿದ್ದರು. ಗಂಡಸರು ಕಿತ್ತ ಚಪ್ಪಡಿಗಳನ್ನು ಹಾರೆಯಿಂದ ಉರುಳಿಸಿ, ದಾರಿಯ ತಗ್ಗಿಗೆ, ಚರಂಡಿಗೆ ಅಡ್ಡಲಾಗಿ ಹಾಸುತ್ತಿದ್ದರು. ಗುಳಿಯ ಸಾಲು ಮೇಲೆ ಕಾಣುವ ಹಾಗೆ ಹಾಸಿದ್ದರು. ಮಾಯಮ್ಮ ಅವಳ ಸೆರಗು ನೋಡಿದಳು, ಏನು ಅಂತ ಕೇಳಲಿಲ್ಲ. ಮನೆಗೆ ಓಡಿಹೋಗಿ ಒಂದು ಹಿಡಿ ಅಕ್ಕಿ ತಂದು ಆ ಮಣ್ಣಿನ ಮೇಲೆ ಹಾಕಿದಳು. "ನಿನ್ ಮಗಳ ಲೆಕ್ಕಕ್ಕೆ" ಅಂದಳು. ಜನ ಎರಡು ಕಡೆಗೂ ಸರಿದು ದಾರಿ ಬಿಟ್ಟರು.

ಗೌಡರ ಅಂಗಳದಲ್ಲಿ ತಮಟೆ ಶುರುವಾಯಿತು. ಚಿಕ್ಕಲಕ್ಷ್ಮಮ್ಮನಿಗೆ.

"ನಿಂಗೇ ಬಡೀತಾವ್ರೆ ಅನ್ಕೋ" ಅಂದಳು ಅಂಕಮ್ಮ ಸೆರಗಿಗೆ.

ಗಂಡನೇ ಸೀಳಿದ ಚಪ್ಪಡಿಗಳ ಮೇಲೆ ಕಾಲಿಟ್ಟು ನಡೆದಳು. ಹಿಂದೆ ಪಚಪಚ ಸದ್ದು ಬರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ತಿರುಗಿದರೆ ನಿಂತುಬಿ‌ಟ್ಟಾನು ಅನ್ನುವ ಭಯ. ಮೊದಲ ಚಪ್ಪಡಿ ದಾಟಿದಾಗಲೂ ಆ ಸದ್ದಿತ್ತು. ಎರಡನೆಯದು ದಾಟಿದಾಗಲೂ ಇತ್ತು. ಕಲ್ಲು ಮುಗಿದು ಮಣ್ಣಿನ ದಾರಿ ಬಂತು. ಬಿಸಿಲಿಗೆ ಕಾದ ಮಣ್ಣು. ಹಿಂದಿನ ಹೆಜ್ಜೆ ನಿಧಾನವಾಯಿತು, ನಿಂತಿತು, ಮತ್ತೆ ಬಂತು. ಈಗ ಬರುತ್ತಿದ್ದದ್ದು ಒಣ ಹೆಜ್ಜೆ. ಧೂಳಿನಲ್ಲಿ ನಡೆಯುವವನ ಹೆಜ್ಜೆ.

ಕರಿಬಂಡೆಯ ಬುಡದಲ್ಲಿ, ಅವನ ಅಪ್ಪ ಅವ್ವನ ಮಗ್ಗುಲಲ್ಲಿ, ಕೈಯಿಂದಲೇ ಗುಂಡಿ ತೋಡಿ ಸೆರಗು ಬಿಚ್ಚಿದಳು. ಹೊತ್ತು ಮುಳುಗುತ್ತಿತ್ತು. ಮಣ್ಣು ಮುಚ್ಚಿ ಎದ್ದು ನಿಂತು ತನ್ನ ಕಾಲು ನೋಡಿಕೊಂಡಳು, ಕೆರೆಯ ಕೆಸರು ಒಣಗಿ ಉದುರಿತ್ತು, ಬಂದ ದಾರಿಯನ್ನೂ ನೋಡಿದಳು. ಧೂಳಿನಲ್ಲಿ ಎರಡು ಜೊತೆ ಹೆಜ್ಜೆಗಳಿದ್ದವು. ಯಾರ ಕಾಲೂ ನೆನೆದಿರಲಿಲ್ಲ.